ಎರಡಿಂಚು ನೀರಿನ ಕಾವಲು

ಹೋದ ವರ್ಷ ಮಾರ್ಚಿನಲ್ಲಿ ಅಮ್ಮ ತಾರಸಿ ಮೇಲೆ ಸಂಡಿಗೆ ಇಡುತ್ತಿದ್ದವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಸೀರೆ ಹಾಸಿದ್ದ ಜಾಗದಿಂದ ನಾಲ್ಕೇ ಹೆಜ್ಜೆಗೆ ಒಂದು ನಾಲ್ಕಿಂಚಿನ ಪಿವಿಸಿ ಪೈಪು ನೆಲದಿಂದ ಎರಡಡಿ ಎದ್ದು ನಿಂತಿದೆ. ಅದರ ತಲೆಯ ಮೇಲಿದ್ದ ಟೋಪಿ ಎಂದೋ ಮಂಗಗಳ ಪಾಲಾಗಿತ್ತು. “ಈ ದರಿದ್ರ ಪೈಪಿಗೆ ಏನಾದ್ರೂ ಮಾಡೋ” ಎಂದರು. ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಂದು ಎಂಡ್ ಕ್ಯಾಪ್ ತಂದು ಬಡಿದು ಕೂರಿಸಿದೆ. ವಾಸನೆ ನಿಂತಿತು, ಸಂಡಿಗೆ ಒಣಗಿತು, ನನಗೆ ಭೇಷ್ ಎನ್ನಿಸಿಕೊಂಡದ್ದೂ ಆಯಿತು.

ನಾಲ್ಕು ದಿನ ಕಳೆಯುವಷ್ಟರಲ್ಲಿ ಕೆಳಗೆ ಬೇರೆಯದೇ ಶುರುವಾಯಿತು. ಎರಡನೇ ಮಹಡಿಯ ಬಾಡಿಗೆಯವರು ಫ್ಲಶ್ ಮಾಡಿದಾಗಲೆಲ್ಲ ಮೊದಲ ಮಹಡಿಯ ನಮ್ಮ ಬಚ್ಚಲಿನ ಜಾಲರಿ ಹುಕ್ಕಾ ಎಳೆದಂತೆ ಗುಳುಗುಳು ಎನ್ನುತ್ತಿತ್ತು. ಆಮೇಲೆ ಗಬ್ಬು ವಾಸನೆ. ಅದರ ಹಿಂದೆಯೇ ಜಿರಲೆ. ಫಿನೈಲ್ ಸುರಿದೆವು, ಆಸಿಡ್ ಸುರಿದೆವು, ಜಾಲರಿ ಬದಲಾಯಿಸಿದೆವು. ಕೊನೆಗೆ ಬಂದ ಪ್ಲಂಬರ್ ಚಪ್ಪಲಿ ಬಿಡುವ ಮೊದಲೇ ಕೇಳಿದ್ದು: “ಮೇಲೆ ವೆಂಟ್ ಪೈಪು ಏನಾದ್ರೂ ಮುಚ್ಚಿದ್ರಾ ಸಾರ್?”

ವೆಂಟ್ ಎಂದರೆ ಕೊಳಚೆ ಪೈಪಿಗೆ ಗಾಳಿಯಾಡಲೆಂದು ತಾರಸಿಯ ಮೇಲೆ ತೆರೆದಿಡುವ ಪೈಪು. ನಲ್ಲಿಯ ಪೈಪಿನೊಳಗೆ ಇರುವುದು ಬರೀ ನೀರು. ಕೊಳಚೆ ಪೈಪು ಹಾಗಲ್ಲ. ಅದರಲ್ಲಿ ಹೆಚ್ಚು ಹೊತ್ತು ಇರುವುದೇ ಗಾಳಿ, ನೀರು ಆಗಾಗ ಬಂದು ಹೋಗುವ ಅತಿಥಿ. ಆ ಗಾಳಿ ಎಲ್ಲಿಂದ ಬರಬೇಕು, ಎಲ್ಲಿಗೆ ಹೋಗಬೇಕು ಎನ್ನುವುದನ್ನು ಮನೆ ಕಟ್ಟುವಾಗ ಯಾರೂ ಕೇಳುವುದಿಲ್ಲ. ಟೈಲ್ಸ್ ಆರಿಸಲು ಮೂರು ಭಾನುವಾರ ಕಳೆಯುವ ನಾವು ಈ ವಿಷಯಕ್ಕೆ ಮೂರು ನಿಮಿಷವನ್ನೂ ಕೊಡುವುದಿಲ್ಲ. ಪ್ಲಂಬಿಂಗ್ ನಿಯಮಾವಳಿಗಳ ಒಳಚರಂಡಿ ಅಧ್ಯಾಯಗಳಲ್ಲಿ ಅರ್ಧಕ್ಕರ್ಧ ಮಾತು ಈ ಗಾಳಿಯದ್ದೇ.

ಕಮೋಡು, ವಾಶ್‌ಬೇಸಿನ್, ನೆಲದ ಜಾಲರಿ, ಯಾವುದರ ಕೆಳಗೆ ನೋಡಿದರೂ ಒಂದು ಬಾಗು ಇರುತ್ತದೆ. ಅದೇ ಟ್ರ್ಯಾಪ್. ಕಮೋಡಿನದು ಪಿಂಗಾಣಿಯೊಳಗೇ ಸೇರಿಕೊಂಡಿದೆ, ಬೇಸಿನ್ನಿನ ಕೆಳಗೆ ಹೊಳೆಯುವುದು ಬಾಟಲ್ ಟ್ರ್ಯಾಪ್, ಜಾಲರಿಯ ಕೆಳಗಿನದು ನಹಾನಿ ಟ್ರ್ಯಾಪ್. ನಮ್ಮ ಮೇಸ್ತ್ರಿಗಳ ಬಾಯಲ್ಲಿ ಅದು ‘ನಾನಿ ಟ್ರ್ಯಾಪ್’. ಲಂಡನ್ನಿನಲ್ಲಿ ಗಡಿಯಾರ ಮಾಡುತ್ತಿದ್ದ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಪೇಟೆಂಟ್ ಪಡೆದ ಫ್ಲಶ್ ಕಕ್ಕಸಿನಲ್ಲಿ ಈ ಬಾಗು ಇತ್ತು. ಅಂದಿನಿಂದ ಉಪಾಯ ಬದಲಾಗಿಲ್ಲ. ಬಾಗಿನಲ್ಲಿ ಒಂದಿಷ್ಟು ನೀರು ಸದಾ ನಿಂತಿರುತ್ತದೆ, ಆ ನೀರೇ ಬಾಗಿಲು. ಮೇಲಿನಿಂದ ಬಂದ ನೀರು ದಾಟಿಕೊಂಡು ಹೋಗಬಹುದು, ಕೆಳಗಿನ ಗಾಳಿ ಮೇಲೆ ಬರುವಂತಿಲ್ಲ.

ಈ ನೀರಿನ ಆಳಕ್ಕೆ ವಾಟರ್ ಸೀಲ್ ಎಂದು ಹೆಸರು. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಸಾಮಾನ್ಯವಾಗಿ ಕೇಳುವುದು 50 ಮಿಲಿಮೀಟರ್. ಅಮೆರಿಕದ ಇಂಟರ್‌ನ್ಯಾಷನಲ್ ಪ್ಲಂಬಿಂಗ್ ಕೋಡ್ ಎರಡಿಂಚಿಗಿಂತ ಕಡಿಮೆ ಬೇಡ, ನಾಲ್ಕಿಂಚಿಗಿಂತ ಹೆಚ್ಚೂ ಬೇಡ ಎನ್ನುತ್ತದೆ. ಆಳ ಹೆಚ್ಚಾದರೆ ಕೊಳೆ ತಳದಲ್ಲೇ ಕೂರುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ನಾನಿ ಟ್ರ್ಯಾಪ್‌ಗಳಲ್ಲಿ ಒಂದಿಂಚೂ ನೀರು ನಿಲ್ಲುವುದಿಲ್ಲ. ಅಂಗಡಿಯಲ್ಲೇ ನೀರು ತುಂಬಿಸಿ ಅಳತೆ ಪಟ್ಟಿ ಇಳಿಸಿ ನೋಡಿ, ಅಂಗಡಿಯವರು ನಕ್ಕರೆ ನಗಲಿ.

ಎರಡಿಂಚು ಎಷ್ಟು ದುರ್ಬಲ ಕಾವಲು ಎಂದು ಲೆಕ್ಕ ಹಾಕಿ ನೋಡಬೇಕು. ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು ಹತ್ತು ಮೀಟರ್ ಎತ್ತರದ ನೀರಿಗೆ ಸಮ. 50 ಮಿಲಿಮೀಟರ್ ಎಂದರೆ ಅದರ ಇನ್ನೂರರಲ್ಲಿ ಒಂದು ಪಾಲು. ಪೈಪಿನೊಳಗಿನ ಒತ್ತಡ ಅರ್ಧ ಪರ್ಸೆಂಟ್ ಆಚೀಚೆಯಾದರೆ ಸಾಕು, ಬಾಗಿಲು ಕಿತ್ತುಹೋಗುತ್ತದೆ. ಅಮೆರಿಕದ ಕೋಡ್ ಇನ್ನೂ ಬಿಗಿ. ಟ್ರ್ಯಾಪಿನ ಮೇಲೆ ಬೀಳುವ ಒತ್ತಡದ ವ್ಯತ್ಯಾಸ ಒಂದಿಂಚು ನೀರಿನಷ್ಟನ್ನು ಮೀರಬಾರದು ಎಂಬುದು ಅದರ ಮೂಲ ಷರತ್ತು. ವೆಂಟ್ ಕುರಿತ ಉಳಿದ ನಿಯಮಗಳೆಲ್ಲ ಈ ಒಂದು ಷರತ್ತಿನ ಮಕ್ಕಳು, ಮೊಮ್ಮಕ್ಕಳು.

ಒತ್ತಡ ಏಕೆ ಏರುಪೇರಾಗುತ್ತದೆ? ಎಳನೀರಿನ ಸ್ಟ್ರಾ ನೆನಪಿಸಿಕೊಳ್ಳಿ. ಅದರೊಳಗೆ ನೀರು ತುಂಬಿಸಿ ಮೇಲಿನ ಬಾಯಿಗೆ ಬೆರಳು ಒತ್ತಿ ಹಿಡಿದರೆ ನೀರು ಇಳಿಯದು. ಬೆರಳು ತೆಗೆದ ಕೂಡಲೇ ಸುರ್ ಎಂದು ಇಳಿಯುತ್ತದೆ. ನಾನು ತಾರಸಿಯಲ್ಲಿ ಬಡಿದ ಕ್ಯಾಪು ಆ ಬೆರಳು. ಆದರೆ ನಾಲ್ಕಿಂಚಿನ ಪೈಪಿನಲ್ಲಿ ಫ್ಲಶ್ಶಿನ ನೀರು ಸ್ಟ್ರಾದಲ್ಲಿದ್ದಂತೆ ನಿಂತು ಕಾಯುವುದಿಲ್ಲ. ಅದು ಪೈಪಿನ ಒಳಗೋಡೆಗೆ ಅಂಟಿಕೊಂಡು ಬಳೆಯಾಕಾರದಲ್ಲಿ ಜಾರುತ್ತದೆ, ನಡುವೆ ಇರುವ ಗಾಳಿಯ ಕಂಬವನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಹೋದ ಗಾಳಿಯ ಜಾಗಕ್ಕೆ ಬೇರೆ ಗಾಳಿ ಬರಲೇಬೇಕು. ತಾರಸಿಯ ಬಾಯಿ ತೆರೆದಿದ್ದರೆ ಅಲ್ಲಿಂದ ಬರುತ್ತದೆ. ಮುಚ್ಚಿದ್ದರೆ ಹತ್ತಿರದ ಟ್ರ್ಯಾಪಿನ ನೀರನ್ನು ಕುಡಿದು ಆ ದಾರಿಯಲ್ಲಿ ಬರುತ್ತದೆ. ಗುಳುಗುಳು ಎನ್ನುವುದು ಆ ಕುಡಿತದ ಸದ್ದು. ಇದೇ ಕಾರಣಕ್ಕೆ ಎತ್ತರದ ಕಟ್ಟಡಗಳ ನೇರ ಪೈಪನ್ನು ಎಂಜಿನಿಯರುಗಳು ಮೂರರಲ್ಲೊಂದು ಪಾಲಿಗಿಂತ ಹೆಚ್ಚು ನೀರಿನಿಂದ ತುಂಬಲು ಬಿಡುವುದಿಲ್ಲ. ಉಳಿದ ಜಾಗ ಗಾಳಿಗೆ ಮೀಸಲು.

ಪೈಪಿನ ಬುಡದಲ್ಲಿ ಇದರ ತದ್ವಿರುದ್ಧ. ಮೇಲಿನಿಂದ ಓಡಿಬಂದ ನೀರು ಬೆಂಡಿಗೆ ಬಡಿದು ಒಮ್ಮೆಲೇ ನಿಧಾನವಾಗುತ್ತದೆ, ಗುಡ್ಡೆಗಟ್ಟುತ್ತದೆ, ಹಿಂದೆ ಬರುವ ಗಾಳಿ ಸಿಕ್ಕಿಹಾಕಿಕೊಂಡು ಒತ್ತಡ ಏರುತ್ತದೆ. ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ಕಮೋಡಿನ ನೀರು ತಾನಾಗಿ ಬುಳಕ್ ಎಂದು ಮೇಲೆ ಚಿಮ್ಮುವುದು ಇದರಿಂದ. ನೆಲಮಹಡಿಯ ಬಚ್ಚಲನ್ನು ಮೇಲಿನ ಮನೆಗಳ ಪೈಪಿಗೆ ಸೇರಿಸದೆ ನೇರವಾಗಿ ಚೇಂಬರಿಗೆ ಬಿಡುವುದು ಒಳ್ಳೆಯದು. ಬುಡದಲ್ಲಿ ತೊಂಬತ್ತು ಡಿಗ್ರಿಯ ಒಂದು ಬೆಂಡಿನ ಬದಲು ನಲವತ್ತೈದರ ಎರಡು ಹಾಕಿಸುವುದೂ ಇದಕ್ಕೇ.

ಮಲೆನಾಡಿನ ಹಳೇ ಮನೆಗಳ ಬಚ್ಚಲಿಗೆ ಈ ತಾಪತ್ರಯ ಇರಲಿಲ್ಲ. ಹಂಡೆ ಒಲೆಯ ಪಕ್ಕದ ಕಲ್ಲಿನ ಮೇಲೆ ಮಿಂದ ನೀರು ಗೋಡೆಯ ತೂತಿನಿಂದ ಹೊರಗೆ ಬಿದ್ದು, ಬಾಳೆ ಬುಡಕ್ಕೋ ಕೆಸುವಿನ ಬುಡಕ್ಕೋ ಹರಿಯುತ್ತಿತ್ತು. ನೀರು ಬಯಲಿಗೆ ಬೀಳುವಲ್ಲಿ ಟ್ರ್ಯಾಪೂ ಬೇಡ, ವೆಂಟೂ ಬೇಡ. ಬಚ್ಚಲೂ ಕಕ್ಕಸೂ ಒಂದೇ ಕೋಣೆಗೆ ಬಂದು, ಎರಡರ ಪೈಪೂ ಒಂದೇ ಚರಂಡಿಗೆ ಸೇರಿದ ಮೇಲೆ ಕಾವಲು ಬೇಕಾಯಿತು.

ಈಗ ನಿಯಮದ ಪುಸ್ತಕಕ್ಕೆ ಬರೋಣ. ಭಾರತೀಯ ಮಾನಕ ಬ್ಯೂರೋ ಪ್ರಕಟಿಸುವ ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಬಂದದ್ದು 1970ರಲ್ಲಿ. 1983, 2005, 2016ರಲ್ಲಿ ಪರಿಷ್ಕರಣೆಯಾಯಿತು. ಅದರ 9ನೇ ಭಾಗ ಪ್ಲಂಬಿಂಗಿಗೆ ಮೀಸಲು. ಸಂಹಿತೆ ಸ್ವತಃ ಕಾನೂನಲ್ಲ, ಶಿಫಾರಸು. ಸ್ಥಳೀಯ ಬೈಲಾಗಳು ಅದನ್ನು ಎತ್ತಿಕೊಂಡಾಗ ಅದಕ್ಕೆ ಹಲ್ಲು ಬರುತ್ತದೆ. ಆದರೆ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಏಳುವಾಗ ಪೈಪು ಮುಚ್ಚುವ ಮುನ್ನ ಬಂದು ನೋಡುವವರು ಯಾರೂ ಇಲ್ಲವಾದ್ದರಿಂದ ಆ ಹಲ್ಲು ಕಚ್ಚಿದ್ದನ್ನು ನಾನಂತೂ ಕಂಡಿಲ್ಲ.

ವೆಂಟ್ ಪೈಪು ಎಷ್ಟು ಎತ್ತರ ಹೋಗಬೇಕು ಎಂಬುದಕ್ಕೆ ಅಲ್ಲಿ ಸ್ಪಷ್ಟ ಉತ್ತರ ಇದೆ. ತಾರಸಿ ಅಥವಾ ಅದರ ಪ್ಯಾರಪೆಟ್, ಯಾವುದು ಎತ್ತರವೋ ಅದಕ್ಕಿಂತ ಒಂದೂವರೆ ಮೀಟರ್ ಮೇಲೆ. ಮೂರು ಮೀಟರ್ ಅಂತರದಲ್ಲಿ ಯಾವುದಾದರೂ ಕಿಟಕಿಯಿದ್ದರೆ ಅದರ ನೆತ್ತಿಗಿಂತಲೂ ಮೇಲೆ. ತುದಿಗೆ ಕೌಲ್ ಟೋಪಿ ಕಡ್ಡಾಯ. ನಮ್ಮ ಮನೆಯಲ್ಲಿ ಅದು ಎರಡಡಿಗೆ ನಿಂತಿತ್ತಲ್ಲ, ಅಮ್ಮನ ಮೂಗಿಗೆ ಬಡಿದದ್ದು ಅದೇ ತಪ್ಪು. ಮದ್ದು ಮುಚ್ಚುವುದಾಗಿರಲಿಲ್ಲ, ಎತ್ತರಿಸುವುದಾಗಿತ್ತು. ಪ್ಲಂಬರ್ ಕ್ಯಾಪ್ ಕಿತ್ತು ಪೈಪು ಜೋಡಿಸಿ, ನನ್ನ ತಲೆಯಿಂದ ಮೇಲಕ್ಕೇರಿಸಿ, ಜಾಲಿ ಇರುವ ಟೋಪಿ ಕೂರಿಸಿದ. ಜಾಲಿ ಸೊಳ್ಳೆಗೆ. ಸೆಪ್ಟಿಕ್ ಟ್ಯಾಂಕಿನ ವೆಂಟಿಗೆ ಜಾಲಿ ಇಲ್ಲದಿದ್ದರೆ ಅದು ಸೊಳ್ಳೆಗಳ ಹೆದ್ದಾರಿ. ಮನೆ ಮೇಲೆ ಇನ್ನೊಂದು ರೂಮು ಏರಿಸುವಾಗ, ಸೋಲಾರ್ ಕೂರಿಸುವಾಗ ಮೊದಲು ಕತ್ತರಿಸಿಕೊಳ್ಳುವುದೂ ಈ ಪೈಪೇ.

ಇನ್ನೊಂದು ನಿಯಮ ಮೇಲುನೋಟಕ್ಕೆ ಬರೀ ಅಂಕಿ, ಬಿಡಿಸಿದರೆ ಸೊಗಸಾದ ತರ್ಕ. ಟ್ರ್ಯಾಪಿನಿಂದ ವೆಂಟ್ ಎಷ್ಟು ದೂರ ಇರಬಹುದು? ಅಮೆರಿಕದ ಅದೇ ಕೋಡ್ ಒಂದೂವರೆ ಇಂಚಿನ ಪೈಪಿಗೆ ಆರು ಅಡಿ, ಎರಡಿಂಚಿನದಕ್ಕೆ ಎಂಟು ಅಡಿ ಎನ್ನುತ್ತದೆ. ಇಳಿಜಾರು ಅಡಿಗೆ ಕಾಲಿಂಚು. ಆರು ಅಡಿಗೆ ಕಾಲಿಂಚಿನಂತೆ ಎಷ್ಟು ಇಳಿಯಿತು? ಒಂದೂವರೆ ಇಂಚು. ಎಂಟು ಅಡಿಗೆ? ಎರಡಿಂಚು. ಎಂದರೆ ಪೈಪು ತನ್ನ ವ್ಯಾಸದಷ್ಟು ಇಳಿಯುವುದರೊಳಗೆ ಗಾಳಿ ಸಿಗಬೇಕು. ಅದನ್ನು ಮೀರಿದರೆ ವೆಂಟಿನ ಬಾಯಿ ಟ್ರ್ಯಾಪಿನ ಹೊಸ್ತಿಲಿಗಿಂತ (ಅದರ ನೀರು ಹೊರಚೆಲ್ಲುವ ಅಂಚಿಗಿಂತ) ಕೆಳಗಿಳಿಯುತ್ತದೆ. ನಡುವಿನ ಪೈಪು ತುಂಬಿ ಹರಿದು, ಡ್ರಮ್ಮಿನಿಂದ ಟ್ಯೂಬಿನಲ್ಲಿ ನೀರೆಳೆಯುತ್ತೇವಲ್ಲ, ಹಾಗೆ ತನ್ನ ಟ್ರ್ಯಾಪನ್ನು ತಾನೇ ಬರಿದು ಮಾಡಿಕೊಳ್ಳುತ್ತದೆ. ಬೇಸಿನ್ ಖಾಲಿಯಾಗುವ ಕೊನೆಯಲ್ಲಿ ಸೊರ್ ಎಂದು ಎಳೆಯುವ ಸದ್ದು ಕೇಳಿದ್ದರೆ ಇದನ್ನೇ ಕೇಳಿದ್ದೀರಿ. ಪೈಪು ನೇರ ಕೆಳಕ್ಕೆ ಧುಮುಕುವ ಎಸ್ ಟ್ರ್ಯಾಪ್‌ಗಳನ್ನು ಅಮೆರಿಕದಲ್ಲಿ ನಿಷೇಧಿಸಿರುವುದಕ್ಕೆ ಕಾರಣವೂ ಇದೇ. ಹಾಗೆಂದು ವೆಂಟನ್ನು ಟ್ರ್ಯಾಪಿನ ನೆತ್ತಿಗೇ ಅಂಟಿಸುವಂತಿಲ್ಲ, ಸೋಪಿನ ಕೊಳೆ ಚಿಮ್ಮಿ ಬಾಯಿ ಕಟ್ಟುತ್ತದೆ. ನಮ್ಮಲ್ಲಿ ಹಳೆಯ ರೂಢಿಯ ಅಳತೆ ಬಾಗಿನ ನೆತ್ತಿಯಿಂದ 75 ಮಿಲಿಮೀಟರಿಗೆ ಕಡಿಮೆಯಿಲ್ಲ, 450ಕ್ಕೆ ಹೆಚ್ಚಿಲ್ಲ.

ಅಮೆರಿಕದಲ್ಲಿರುವ ನಮ್ಮವರು ಬೇಸ್‌ಮೆಂಟಿನಲ್ಲಿ ಹೊಸ ಬಾತ್‌ರೂಮ್ ಮಾಡಿಸಲು ಹೊರಟಾಗ ಎದುರಾಗುವ ಜಗಳ ಏರ್ ಅಡ್ಮಿಟೆನ್ಸ್ ವಾಲ್ವಿನದು. ಗಾಳಿಯನ್ನು ಒಳಗೆ ಮಾತ್ರ ಬಿಡುವ ಪುಟ್ಟ ಏಕಮುಖ ಮುಚ್ಚಳ ಅದು. ಇಂಟರ್‌ನ್ಯಾಷನಲ್ ಕೋಡ್ ಒಪ್ಪುತ್ತದೆ, ಆದರೆ ಕಟ್ಟಡಕ್ಕೆ ಒಂದಾದರೂ ವೆಂಟ್ ಬಯಲಿಗೆ ತೆರೆದಿರಬೇಕು. ಪಶ್ಚಿಮದ ಹಲವು ರಾಜ್ಯಗಳು ಅನುಸರಿಸುವ ಯೂನಿಫಾರ್ಮ್ ಪ್ಲಂಬಿಂಗ್ ಕೋಡ್ ಇದಕ್ಕೆ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಒಂದೂವರೆ ಇಂಚಿನ ಪೈಪಿಗೆ ಮೇಲೆ ಹೇಳಿದ ಆರು ಅಡಿಯ ಬದಲು ಅದು ಬಿಡುವುದೂ ಮೂರೂವರೆ ಅಡಿ ಮಾತ್ರ. ಯಾವ ಊರು ಯಾವ ಪುಸ್ತಕ ಹಿಡಿದಿದೆ ಎಂದು ಕೇಳದೆ ಯೂಟ್ಯೂಬ್ ನೋಡಿ ಪೈಪು ಕತ್ತರಿಸಬೇಡಿ.

ಕಾವಲಿನ ನೀರು ಹೋಗುವ ಕೊನೆಯ ದಾರಿ ಆರುವುದು. ಇದಕ್ಕೆ ಹಾಂಗ್‌ಕಾಂಗಿನ ಅಮೊಯ್ ಗಾರ್ಡನ್ಸ್ ವಸತಿ ಸಮುಚ್ಚಯ ಬೆಲೆ ತೆತ್ತಿತು. 2003ರ ಮಾರ್ಚಿನಲ್ಲಿ ಸಾರ್ಸ್ ಸೋಂಕಿತನೊಬ್ಬ ಅಲ್ಲಿನ ಇ ಬ್ಲಾಕಿಗೆ ಬಂದು ಹೋದ. ಅವನಿಗೆ ಭೇದಿಯಿತ್ತು, ಅಲ್ಲಿನ ಕಕ್ಕಸು ಬಳಸಿದ್ದ. ಮುಂದಿನ ವಾರಗಳಲ್ಲಿ ಆ ಸಮುಚ್ಚಯದ 300ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು, 42 ಮಂದಿ ತೀರಿಕೊಂಡರು. ತನಿಖೆಯ ಬೆರಳು ಬಚ್ಚಲ ನೆಲದ ಜಾಲರಿಯತ್ತ ತಿರುಗಿತು. ಅಲ್ಲಿನವರು ನೆಲವನ್ನು ನೀರು ಸುರಿದು ತೊಳೆಯುತ್ತಿರಲಿಲ್ಲ, ಒರೆಸುತ್ತಿದ್ದರು. ಹಾಗಾಗಿ ಟ್ರ್ಯಾಪುಗಳು ಒಣಗಿದ್ದವು. ಬಾಗಿಲು ಹಾಕಿ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಅದು ಕೊಳಚೆ ಪೈಪಿನ ಗಾಳಿಯನ್ನೂ ಅದರೊಳಗಿನ ಹನಿಗಳನ್ನೂ ಕೋಣೆಗೆ ಎಳೆಯುತ್ತಿತ್ತು. ವಾರಕ್ಕೊಮ್ಮೆ ಪ್ರತಿ ಜಾಲರಿಗೂ ಅರ್ಧ ಲೀಟರ್ ನೀರು ಹಾಕಿ ಎಂದು ಅಲ್ಲಿನ ಆರೋಗ್ಯ ಇಲಾಖೆ ಈಗಲೂ ಹೇಳುತ್ತದೆ.

ದಿನಾ ಬಕೆಟ್‌ಗಟ್ಟಲೆ ನೀರು ಸುರಿಯುವ ನಮ್ಮ ಬಚ್ಚಲಿಗೆ ಆ ಭಯ ಕಡಿಮೆಯಿತ್ತು. ಈಗ ಗಾಜಿನ ಪಾರ್ಟಿಷನ್ ಹಾಕಿ ಒಂದು ಬದಿಯನ್ನು ‘ಡ್ರೈ ಏರಿಯಾ’ ಮಾಡಿಕೊಂಡಿದ್ದೇವಲ್ಲ, ಆ ಬದಿಯ ಜಾಲರಿಗೆ ತಿಂಗಳಾದರೂ ನೀರು ಕಾಣದು. ಬಳಸದ ಗೆಸ್ಟ್ ಬಾತ್‌ರೂಮಿನದೂ ಅದೇ ಪಾಡು. ಬೇಸಿಗೆ ರಜೆ ಮುಗಿಸಿ ಊರಿಂದ ಬಂದು ಬಾಗಿಲು ತೆಗೆದಾಗ ಮೂಗಿಗೆ ಬಡಿಯುವ ವಾಸನೆಗೆ ಒಂದು ಚೊಂಬು ನೀರು ಸಾಕು, ಫಿನೈಲ್ ಬೇಡ.

ಇಷ್ಟು ಹೊತ್ತು ಗಾಳಿಯ ಮಾತಾಯಿತು. ಇನ್ನು ಕಟ್ಟಿಕೊಂಡ ಪೈಪಿಗೆ ಕೈ ಹಾಕುವ ಬಾಯಿಯದು, ಅದರ ಹೆಸರು ಕ್ಲೀನ್‌ಔಟ್. ವೆಂಟ್ ಮರೆತರೆ ಸದ್ದೂ ವಾಸನೆಯೂ ತಾವೇ ಬಂದು ಹೇಳುತ್ತವೆ. ಕ್ಲೀನ್‌ಔಟ್ ಮರೆತದ್ದು ಪೈಪು ಕಟ್ಟಿಕೊಂಡ ದಿನವೇ ಗೊತ್ತಾಗುವುದು. ಅಂದು ಸಾಮಾನ್ಯವಾಗಿ ಹಬ್ಬ, ಮನೆ ತುಂಬ ನೆಂಟರು.

ಅಂಗಡಿಯಲ್ಲಿ ಡೋರ್ ಬೆಂಡ್, ಡೋರ್ ಟೀ ಎಂದು ಕೇಳಿದರೆ ಕೊಡುತ್ತಾರೆ. ಮಾಮೂಲಿ ಬೆಂಡಿನ ಬೆನ್ನಿಗೆ ಒಂದು ಮುಚ್ಚಳ, ಅದರಡಿ ರಬ್ಬರ್ ರಿಂಗು, ಬಿಗಿಯಲು ಸ್ಕ್ರೂಗಳು. ಸಾದಾ ಬೆಂಡಿಗೂ ಇದಕ್ಕೂ ಬೆಲೆಯಲ್ಲಿ ದೊಡ್ಡ ಅಂತರವಿಲ್ಲ. ನೆಲಮಟ್ಟಕ್ಕೆ ಬರುವ ಅಡ್ಡ ಪೈಪಿಗೆ ತಿರುಗಿಸಿ ತೆಗೆಯುವ ಪ್ಲಗ್ ಬರುತ್ತದೆ. ಎಲ್ಲಿ ಹಾಕಬೇಕು? ಅಮೆರಿಕದ ಕೋಡ್ ಪ್ರಕಾರ ಅಡ್ಡ ಪೈಪು ನಲವತ್ತೈದು ಡಿಗ್ರಿಗಿಂತ ಹೆಚ್ಚು ತಿರುಗಿದಲ್ಲಿ ಒಂದು, ಆದರೆ ನಲವತ್ತು ಅಡಿಯೊಳಗೆ ತಿರುವು ಎಷ್ಟಿದ್ದರೂ ಒಂದು ಸಾಕು. ನೇರ ಓಟದಲ್ಲಿ ನೂರು ಅಡಿಗೊಂದು. ನಮ್ಮ ಸಂಹಿತೆ ಮ್ಯಾನ್‌ಹೋಲ್‌ಗಳ ನಡುವೆ ಕೊಡುವ ಗರಿಷ್ಠ ಅಂತರವೂ 30 ಮೀಟರ್, ಹೆಚ್ಚೂಕಡಿಮೆ ಅದೇ ನೂರು ಅಡಿ. ಬಿದಿರಿನ ಸೀಳಾಗಲಿ ಸ್ಪ್ರಿಂಗ್ ಕೇಬಲ್ಲಾಗಲಿ ಒಂದು ಬದಿಯಿಂದ ದೂಡುವುದಕ್ಕೆ ಮಿತಿಯಿದೆಯಲ್ಲ.

ಬಾಯಿ ಇದ್ದರಷ್ಟೇ ಸಾಲದು, ಅದರ ಮುಂದೆ ಮನುಷ್ಯ ಕೂರಲು ಜಾಗವಿರಬೇಕು. ಅಮೆರಿಕದಲ್ಲಿ ಆರಿಂಚಿನವರೆಗಿನ ಪೈಪಿನ ಬಾಯಿಯೆದುರು 18 ಇಂಚು ಖಾಲಿ ಬಿಡಬೇಕು, ನಾಲ್ಕಿಂಚಿನವರೆಗೆ ಬಾಯಿಯೂ ಪೈಪಿನಷ್ಟೇ ಅಗಲ ಇರಬೇಕು, ನೀರು ಹರಿಯುವ ದಿಕ್ಕಿಗೇ ಕೇಬಲ್ ಹೋಗುವಂತಿರಬೇಕು. ಪ್ಲಗ್ಗಿನ ಮೇಲೆ ಸಿಮೆಂಟು ಗಿಲಾವು ಬಳಿಯಕೂಡದು ಎಂದು ಬೇರೆಯಾಗಿ ಬರೆದಿದ್ದಾರೆ. ಅಲ್ಲಿಯೂ ಬಳಿಯುವವರು ಇದ್ದಾರೆಂದಾಯಿತು.

ನಮ್ಮ ಮನೆಯ ಡೋರ್ ಬೆಂಡನ್ನು ಅದೇ ಪ್ಲಂಬರ್ ಇನ್ನೊಮ್ಮೆ ಬಂದಾಗ ಹುಡುಕಿದ. ಇದೆ. ಆದರೆ ಮುಚ್ಚಳ ಗೋಡೆ ಕಡೆಗೆ ಮುಖ ಮಾಡಿಕೊಂಡಿದೆ. ಪೈಪುಗಳು ಇಳಿಯುವ ಸಂದಿ, ಅಂದರೆ ಡಕ್ಟಿನ ಅಗಲ ಒಂದೂವರೆ ಅಡಿ. ಅಡ್ಡಲಾಗಿ ನುಸುಳಿ, ಕೆನ್ನೆಯನ್ನು ಗೋಡೆಗೆ ಒತ್ತಿ, ಕಾಣದ ಸ್ಕ್ರೂಗಳನ್ನು ಬೆರಳಲ್ಲೇ ತಡವಿ ಬಿಚ್ಚಲು ನಲವತ್ತು ನಿಮಿಷ ಹಿಡಿಯಿತು. ಹೊರಬಂದದ್ದು ಮುಷ್ಟಿಗಾತ್ರದ ತಲೆಗೂದಲಿನ ಉಂಡೆ, ಅದಕ್ಕೆ ಮೆತ್ತಿದ ಸೋಪಿನ ಬಿಳಿ ಮೇಣ, ಶ್ಯಾಂಪೂವಿನ ಎರಡು ಪೊಟ್ಟಣ. ಎಲ್ಲದರ ಅಡಿಯಲ್ಲಿ ಕಲ್ಲಿನಂತಹ ಬೂದು ಚಕ್ಕೆ. ಮನೆ ಕಟ್ಟುವಾಗ ಟೈಲ್ಸ್ ಸಂದಿಗೆ ತುಂಬಿ ಉಳಿದ ಸಿಮೆಂಟ್ ಹಾಲನ್ನು ಯಾರೋ ಜಾಲರಿಗೆ ತೊಳೆದು ಬಿಟ್ಟಿದ್ದರು. ಹದಿನಾಲ್ಕು ವರ್ಷ ಅದರ ಒರಟು ಮೈ ಒಂದೊಂದೇ ಕೂದಲು ಹಿಡಿದಿಟ್ಟಿತ್ತು. ನಾವು ಸುರಿದ ಆಸಿಡ್ ಕೂದಲನ್ನು ಏನೂ ಮಾಡಿರಲಿಲ್ಲ. ಕೂದಲು ಕರಗುವುದು ಕ್ಷಾರಕ್ಕೆ. ಹಾಗೆಂದು ಒಂದರ ಮೇಲೊಂದು ಸುರಿಯಬೇಡಿ. ಆಸಿಡ್ಡಿಗೆ ಬ್ಲೀಚಿಂಗ್ ಪೌಡರ್ ಬೆರೆತರೆ ಏಳುವುದು ಕ್ಲೋರಿನ್.

ಸಂಕ್ (ಬಚ್ಚಲಿಗಾಗಿ ತಗ್ಗಿಸಿದ ಸ್ಲ್ಯಾಬು) ಇರುವ ಮನೆಗಳಲ್ಲಿ ತೊಂದರೆ ಇನ್ನೂ ಆಳಕ್ಕಿದೆ. ಅಡಿ-ಒಂದೂವರೆ ಅಡಿ ತಗ್ಗಿನಲ್ಲಿ ಪೈಪು ಮಲಗಿಸಿ, ಇಟ್ಟಿಗೆ ಚೂರು ತುಂಬಿ, ವಾಟರ್‌ಪ್ರೂಫಿಂಗ್ ಮಾಡಿ, ಮೇಲೆ ಟೈಲ್ಸ್. ಅಲ್ಲಿನ ಪೈಪಿಗೆ ಕೈ ಸೇರಬೇಕಾದರೆ ನಾನಿ ಟ್ರ್ಯಾಪಿನಿಂದ, ಇಲ್ಲವೇ ಡಕ್ಟಿನ ಕಡೆಯ ತುದಿಯಿಂದ. ಆದ್ದರಿಂದ ಅಡ್ಡ ಪೈಪು ಡಕ್ಟಿಗೆ ಬಂದು ಕೂಡುವಲ್ಲಿ ಬಾಗಿಲಿರುವ ಫಿಟಿಂಗೇ ಬೇಕು, ಬಾಗಿಲು ಡಕ್ಟಿನ ಕಿಟಕಿಯ ಕಡೆಗೆ ತಿರುಗಿರಬೇಕು. ಕಟ್ಟುವ ದಿನ ಇದು ಫಿಟಿಂಗನ್ನು ಕಾಲು ಸುತ್ತು ತಿರುಗಿಸುವ ಕೆಲಸ. ಅಂಟು ಒಣಗಿದ ಮೇಲೆ ಗರಗಸದ ಕೆಲಸ.

ಹೊರಗಿನ ಚೇಂಬರುಗಳ ಮೇಲೆ ಇಂಟರ್‌ಲಾಕ್ ಕಲ್ಲು ಹಾಸಿ ಮುಚ್ಚುವ ಹುಚ್ಚೂ ಈಚೆಗೆ ಹೆಚ್ಚಿದೆ. ಬಾಯಿಗಳು ಸರಿಯಾದ ಜಾಗದಲ್ಲಿದ್ದರೆ ನೆಲದ ಮೇಲೆ ನಿಂತೇ ಕೇಬಲ್ ದೂಡಬಹುದು. ಇಲ್ಲದಲ್ಲಿ ಯಾರನ್ನೋ ಕೆಳಗಿಳಿಸುವ ಮಾತು ಬರುತ್ತದೆ. ರಕ್ಷಣಾ ಸಾಮಗ್ರಿಯಿಲ್ಲದೆ ಮನುಷ್ಯರನ್ನು ಒಳಚರಂಡಿಗೂ ಸೆಪ್ಟಿಕ್ ಟ್ಯಾಂಕಿಗೂ ಇಳಿಸುವುದು 2013ರ ಮ್ಯಾನುಯಲ್ ಸ್ಕ್ಯಾವೆಂಜಿಂಗ್ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಅಲ್ಲಿನ ಹೈಡ್ರೋಜನ್ ಸಲ್ಫೈಡ್ ಮೂಗನ್ನೇ ಮೊದಲು ಮರಗಟ್ಟಿಸುತ್ತದೆ, ಒಳಗಿಳಿದವನಿಗೆ ವಾಸನೆಯ ಎಚ್ಚರಿಕೆಯೂ ಸಿಗುವುದಿಲ್ಲ.

ಪೈಪು ಕೊಳ್ಳುವಾಗ ಒಂದು ಮಾತು. ಐಎಸ್ 13592 ಗುರುತಿರುವ ಪೈಪಿನಲ್ಲಿ ಎ, ಬಿ ಎಂದು ಎರಡು ಬಗೆ. 110 ಮಿಲಿಮೀಟರ್ ಪೈಪಿನ ಗೋಡೆ ಎ ಬಗೆಯಲ್ಲಿ ಕನಿಷ್ಠ 2.2 ಮಿಲಿಮೀಟರ್, ಬಿ ಬಗೆಯಲ್ಲಿ 3.2. ವೆಂಟಿಗೂ ಮಳೆನೀರಿಗೂ ಎ ನಡೆಯುತ್ತದೆ, ಕಕ್ಕಸು-ಬಚ್ಚಲಿಗೆ ಬಿ. ಬಿಲ್ಲಿನಲ್ಲಿ ಬಿ, ಗೋಡೆಯಲ್ಲಿ ಎ ಆಗುವುದುಂಟು. ಪೈಪಿನ ಮೈಮೇಲಿನ ಅಚ್ಚು ಓದಿ.

ನಿಮ್ಮ ಬಚ್ಚಲಿನ ಸ್ಥಿತಿ ತಿಳಿಯಲು ಈ ಸಂಜೆಯೇ ನೋಡಬಹುದು. ಜಾಲರಿ ಎತ್ತಿ ಟಾರ್ಚ್ ಬಿಡಿ, ನೀರಿನ ಕನ್ನಡಿಯಲ್ಲಿ ಬೆಳಕು ಕಾಣುತ್ತದೆ. ಅದನ್ನೇ ನೋಡುತ್ತಿರಿ, ಮೇಲಿನ ಮನೆಯವರಿಗೆ ಫ್ಲಶ್ ಮಾಡಲು ಹೇಳಿ. ನೀರು ಸ್ವಲ್ಪ ನಡುಗಿ ನಿಂತರೆ ಚಿಂತೆಯಿಲ್ಲ. ಕೆಳಗಿಳಿದು, ಗುಳುಕ್ ಎಂದು ಗಾಳಿ ನುಂಗಿ, ಮೊದಲಿಗಿಂತ ತಗ್ಗಿ ನಿಂತರೆ ತಾರಸಿಗೆ ಹೋಗಿ ಪೈಪಿನ ತಲೆ ನೋಡಿ. ನಾನು ಬಡಿದಿದ್ದ ಕ್ಯಾಪು ಈಗಲೂ ನಮ್ಮ ತಾರಸಿಯಲ್ಲಿದೆ. ಸಂಡಿಗೆಯ ಸೀರೆ ಗಾಳಿಗೆ ಹಾರದಂತೆ ಅಮ್ಮ ಅದರಲ್ಲಿ ಮರಳು ತುಂಬಿ ಮೂಲೆಗೆ ಇಡುತ್ತಾರೆ.